ಮೇಲಿನ ಚೀಲ ಬಿಚ್ಚಿದ ಮೈಲಾರಿಯ ದಿಗ್ವಿಜಯ

"ಪಾಟಿ ಅಳಿಸಿ ಅಳಿಸಿ ಬರದು, ಕಡೀಕ ಪಾಟೀನ ಬಿಟ್ಟು ಓಡಿ ಬಂದಾಂವ ಬಂದ ನೋಡ್ರಿ. ದಾರಿ ಬಿಡ್ರಿ, ಕುರ್ಚಿ ಕೊಡ್ರಿ."

ಹೀಗೆಂದು ನುಡಿದವನು ಶಿವಯೋಗಿ, ನುಡಿಸಿಕೊಂಡವನು ಮೈಲಾರಿ, ನುಡಿದ ಸ್ಥಳ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಬಾಯಲ್ಲಿರುವ ಹಾಲವ್ವನ ಭಜಿ ಅಂಗಡಿ, ಕೇಳಿ ನಕ್ಕವರು ಅಲ್ಲಿ ಚಹ ಕುಡಿಯುತ್ತಿದ್ದ ದಲಾಲರು, ಹಮಾಲರು, ಲಾರಿಯ ಕ್ಲೀನರುಗಳು, ಮತ್ತು ಕಾದ ಎಣ್ಣೆಯ ಮುಂದೆ ಸೌಟು ಹಿಡಿದೇ ಹೊಟ್ಟೆ ಕುಣಿಸಿದ ಸ್ವತಃ ಹಾಲವ್ವ.

ಇಂಥದೊಂದು ನುಡಿಯಿಂದ ಎಂಥ ಮಹಾಸಮರ ಹುಟ್ಟಿತೆಂದು ಹೇಳಹೊರಟಿರುವ ಈ ನಾಲಗೆಗೆ, ಎಲೈ ತ್ರಿಫೇಸರೂಪಿಣಿ, ತಂತಿಸಂಚಾರಿಣಿ, ಟ್ರಾನ್ಸ್‌ಫಾರ್ಮರಪೀಠನಿವಾಸಿನಿ, ಬಂದರೆ ಬೆಳಕಾಗಿ ಹೋದರೆ ಬೈಗುಳವಾಗಿ ಸಕಲರ ಬಾಯಲ್ಲಿ ನೆಲೆಸಿರುವ ವಿದ್ಯುದ್ದೇವಿಯೇ, ಕಥೆ ಮುಗಿಯುವ ತನಕವಾದರೂ ಕೈಕೊಡದೆ ನಿಲ್ಲು ತಾಯಿ. ಕೈಕೊಡಲೇಬೇಕೆಂದಿದ್ದರೆ ಕಥೆಯೊಳಗೆ ಒಮ್ಮೆ ಕೊಡು, ಅಲ್ಲಿ ಅದರ ಅಗತ್ಯವಿದೆ.

ಅದು ಕಾಣದ ನಾಣ್ಯಕ್ಕಾಗಿ ಕಾಣುವ ಕರೆಂಟನ್ನು ಸುಡುವ ಯುಗ. ಗುದ್ದಲಿಯಿಲ್ಲದೆ ಅಗೆಯುವ, ಬೆವರು ಸುರಿಸುವುದನ್ನೂ ಯಂತ್ರಗಳಿಗೇ ವಹಿಸಿಕೊಟ್ಟ ಯುಗ. ಆ ಯುಗದಲ್ಲಿ, ಪಂಖಶತನಿನಾದಬಧಿರೀಕೃತಕರ್ಣನೂ, ಮೆಣಸಿನಘಾಟುಸ್ಫುರಿತನಾಸಾಗ್ರನೂ, ತಗಡುಶೆಡ್ಡಸಾಮ್ರಾಜ್ಯಚಕ್ರವರ್ತಿಯೂ, ಒಂಬತ್ತನೇ ಇಯತ್ತೆಯ ಬೀಜಗಣಿತದೊಡನೆ ಘೋರವಾಗಿ ಕಾದಾಡಿ ಕಿಟಕಿಯ ಮಾರ್ಗವಾಗಿ ರಣರಂಗದಿಂದ ನಿರ್ಗಮಿಸಿದವನೂ ಆದ ಮೈಲಾರಿಯೆಂಬ ವೀರನಿದ್ದನು. ಈ ಅರಿಸಮಾಸಗಳನ್ನು ಕಂಡು ಪಂಡಿತರು ಮೂಗು ಮುರಿಯುವುದಾದರೆ ಮುರಿಯಲಿ. ಬ್ಯಾಡಗಿಯ ಗಾಳಿಯಲ್ಲಿ ಯಾರ ಮೂಗೂ ಹೇಗೂ ನೆಟ್ಟಗಿರುವುದಿಲ್ಲ.

ಅವನು ಅಗೆಯುತ್ತಿದ್ದದ್ದು ಡಬ್ಬಿಕಾಯಿನ್. ಊರಿನ ಡಬ್ಬಿ ಮೆಣಸಿನಕಾಯಿಯ ಹೆಸರು ಹೊತ್ತು ಹುಟ್ಟಿದ ಈ ನಾಣ್ಯವನ್ನು ಪೇಟೆಯ ಕೆಲವು ವರ್ತಕರು ಫೋನಿನಿಂದ ಫೋನಿಗೆ ಕಳಿಸಿಕೊಳ್ಳುತ್ತಿದ್ದರು. ಹಾಲವ್ವನೂ ಭಜಿಯ ಗಾಡಿಯ ಮೇಲೆ ಅದರ ಸ್ಕ್ಯಾನರ್ ಬೋರ್ಡು ನಿಲ್ಲಿಸಿದ್ದಳು. ಕಳಿಸಿದ ಹಣ ಮೊದಲು ಅಗೆಯುವ ಪ್ರತಿಯೊಬ್ಬರ ಯಂತ್ರದ ಬುಟ್ಟಿಯಲ್ಲೂ ಕಾಯುತ್ತದೆ. ಅದು ಪಕ್ಕಾ ಆಗಬೇಕಾದರೆ ಯಾರಾದರೂ ಅದನ್ನು ಬ್ಲಾಕ್ ಎಂಬ ಕಾಣದ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಹಿಂದಿನ ಚೀಲದ ಮೇಲೆ ಥಪ್ಪಿ ಹಚ್ಚಬೇಕು, ಎಂದರೆ ಒಂದರ ಮೇಲೊಂದು ಪೇರಿಸಬೇಕು. ಹೊಲಿಯುವ ಸೂಜಿಯೆಂದರೆ ಒಂದು ಗುಪ್ತ ಅಂಕೆ. ಆ ಅಂಕೆಯನ್ನು ಹುಡುಕುತ್ತಲೇ ಯಂತ್ರಗಳು ಕಾದು ಕೆಂಡವಾಗುತ್ತವೆ. ಮೊದಲು ಸೂಜಿ ಸಿಕ್ಕವನಿಗೆ, ಹಣ ಕಳಿಸುವವರು ಕೂಲಿಯೆಂದು ಸೇರಿಸಿದ, ಚೀಲದೊಳಗಿನ ಅಷ್ಟೂ ಫೀಸು. ಪೇಟೆಯ ಮಂದಿ ಅದನ್ನು ಹಮಾಲಿ ಎನ್ನುತ್ತಿದ್ದರು. ಈ ವಿಶಾಲ ಬ್ರಹ್ಮಾಂಡದಲ್ಲಿ ಡಬ್ಬಿಕಾಯಿನ್ ಅಗೆಯುವವರು ಇಬ್ಬರೇ ಇದ್ದರು. ಒಬ್ಬ ಮೈಲಾರಿ. ಇನ್ನೊಬ್ಬ, ಅಪ್ಪನ ಗೊಬ್ಬರದಂಗಡಿಯ ಅಟ್ಟದ ಮೇಲೆ ಯಂತ್ರಗಳನ್ನಿಟ್ಟವನು, ಡಿಪ್ಲೊಮಾಪತ್ರಕವಚಧಾರಿ, ಒಂದು ಕಾಲದಲ್ಲಿ ಮೈಲಾರಿಗೆ ಈ ವಿದ್ಯೆಯನ್ನು ಕಲಿಸಿ ಇಂದಿಗೂ ಪಶ್ಚಾತ್ತಾಪಪಡುತ್ತಿರುವ ಶಿವಯೋಗಿ.

ಮೈಲಾರಿ ಅಂಗಡಿಯ ಬಾಗಿಲಲ್ಲೇ ನಿಂತ.

"ಏನ ಅಂದಿ?"

"ಏನಿಲ್ಲೋ ಮಾರಾಯ. ಮುಂಜಾನಿ ಚೀಲ ನೋಡಿದೇನು? ಅದರಾಗಿನ ಹಮಾಲಿ ನೋಡಿದ್ರ ನಿನ್ನ ಶೆಡ್ಡಿನ ತಗಡು ಹಾರಿ ಹೋಗತಾವ. ಯಾವ ಪುಣ್ಯಾತ್ಮ ಇಟ್ಟಾನೋ ಗೊತ್ತಿಲ್ಲ. ಹೊಲದಾಂವ ನಾ."

ಬೆಂಚಿನ ತುದಿಯಲ್ಲಿ ಚಹ ಆರಿಸುತ್ತಿದ್ದ ಮುರಿಗೆಪ್ಪ ಸಾವಕಾರ, ಎದುರಿನ ಕೋಲ್ಡ್ ಸ್ಟೋರೇಜಿನ ಒಡೆಯ, ಬಸಿಯನ್ನು ಕೆಳಗಿಟ್ಟು ಶಿವಯೋಗಿಯ ಕಡೆ ತಿರುಗಿದ. "ಹಂಗಾರ ಏಳನೇ ಚೇಂಬರ್ ನಿನಗ ಕೊಟ್ಟಂಗ ಆತಲ್ಲಪಾ. ಬಾಡಿಗಿ ಕೊಡೋ ತಾಕತ್ ಬಂತು."

ಏಳನೇ ಚೇಂಬರ್ ಎಂದರೇನೆಂದು ಇಲ್ಲಿ ಹೇಳದಿದ್ದರೆ ಮುಂದಿನ ರಕ್ತಪಾತ ಅರ್ಥವಾಗದು. ಮುರಿಗೆಪ್ಪನ ಹಿಮಾಲಯೋಪಮ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ತುಂಬದೆ ಖಾಲಿ ಉಳಿದಿದ್ದ, ಅಗೆಯುವ ಇಬ್ಬರೂ ಕಣ್ಣಿಟ್ಟಿದ್ದ ಏಕಮಾತ್ರ ಕೋಣೆ ಅದು. ಹೊರಗೆ ಬಿಸಿಲು ಊರನ್ನು ಹುರಿಯುತ್ತಿತ್ತು. ಅದೇ ಕೋಲ್ಡ್ ಸ್ಟೋರೇಜಿನ ಹಿಂಗೋಡೆಗೆ ಆನಿಸಿ ಕಟ್ಟಿದ ತಗಡಿನ ಶೆಡ್ಡಿನಲ್ಲಿ ಮೈಲಾರಿಯ ಯಂತ್ರಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಗೋಡೆಯ ಆಚೆ ಮೆಣಸಿನಕಾಯಿ ಚಳಿಗೆ ನಡುಗುತ್ತಿತ್ತು, ಈಚೆ ಅವನ ಬದುಕು ಬೇಯುತ್ತಿತ್ತು. ಚೇಂಬರ್ ಸಿಕ್ಕರೆ ಯಂತ್ರಗಳು ಉಳಿಯುತ್ತವೆ. ಸಿಗದಿದ್ದರೆ ಈ ಬೇಸಿಗೆಯಲ್ಲೇ ಅವು ಗುಜರಿ, ಮತ್ತು ಅವನು ಶಾಲೆ ಬಿಟ್ಟ ಹೊಸತರಲ್ಲಿ ಮಾಡುತ್ತಿದ್ದ ಕೆಲಸಕ್ಕೆ ವಾಪಸ್ಸು: ಬೆನ್ನಿಗೆ ಗೋಣಿತಾಟು ಕಟ್ಟಿಕೊಂಡು ಯಾರ್ಡಿನಲ್ಲಿ ಖರೇಖರೇ ಚೀಲ ಹೊರುವುದು.

"ಸಾವಕಾರ್ರ, ಇನ್ನಾ ಹೊತ್ತು ಮುಣುಗಿಲ್ಲ," ಎಂದ ಮೈಲಾರಿ. "ಆ ಚೀಲ ಸಂಜೀತನ ಇವನ ಹೆಸರಿನ್ಯಾಗ ಉಳೀತತಿ ಅಂತ ಯಾರು ಹೇಳಿದ್ರು?"

"ಉಳೀದ ಎಲ್ಲಿ ಹೋಗತತಿ?" ಎಂದ ಮುರಿಗೆಪ್ಪ. "ನಾನೂ ಮುಂಜಾನಿ ಹಾವೇರಿ ಬೀಗರಿಗೆ ಒಂದಿಷ್ಟು ಕಳಿಸೀನಿ, ಅವರಿಗೇನೋ ಕಮ್ಮಿ ಮುಟ್ಟೇತಂತ. ನಿಮ್ಮ ನಾಣ್ಯದ ಹಣೇಬರಾನ ನನಗ ತಿಳಿಯಂಗಿಲ್ಲ. ಇರ್ಲಿ. ಸಂಜೀಕ ಆಫೀಸ್ ಕೀಲಿ ಹಾಕೂ ಮುಂದ ಆ ದೊಡ್ಡ ಚೀಲ ಯಾರ ಹೆಸರಿನ್ಯಾಗ ಇರ್ತತಿ, ಅವಂಗ ಏಳನೇ ಚೇಂಬರ್. ಮುಗೀತು. ನನ್ನ ತಲಿ ತಿನ್ನಬ್ಯಾಡ್ರಿ."

ಆಗ ಮೈಲಾರಿ ಸಭಾಮಧ್ಯದಲ್ಲಿ ಕೈಗೊಂಡ ಭೀಷಣ ಪ್ರತಿಜ್ಞೆಯನ್ನು ತಕ್ಕ ಭಾಷೆಗೆ ತಿರುಗಿಸಿದರೆ ಹೀಗಾಗುತ್ತದೆ: "ಎಲವೋ ಗೊಬ್ಬರಗಂಧಲಿಪ್ತನೇ, ಭಾಸ್ಕರನು ಅಸ್ತಾಚಲವನ್ನು ಮುಟ್ಟುವ ಮುನ್ನ ನಿನ್ನ ಹೊಲಿಗೆಯನ್ನು ಹರಿದು, ನಿನ್ನ ಚೀಲವನ್ನು ನಿರ್ನಾಮಗೊಳಿಸಿ, ಅದೇ ಸ್ಥಾನದಲ್ಲಿ ನನ್ನ ಕೀರ್ತಿಯ ಚೀಲವನ್ನು ಪ್ರತಿಷ್ಠಾಪಿಸದಿದ್ದರೆ, ನಾನು ಈ ಮಣ್ಣಿನ ಖಾರ ಉಂಡವನೇ ಅಲ್ಲ." ಅವನು ನಿಜವಾಗಿ ಅಂದದ್ದು, "ನೋಡ್ಕೋತೀನಿ ಬಿಡ."

ಅಂದು ಹೊರಟವನು ಹಾಲವ್ವನ ತಟ್ಟೆಯಿಂದ ಒಂದು ಭಜಿ ಎತ್ತಿಕೊಂಡು ಹೋದ. ಶಪಥಕ್ಕೂ ಭಜಿಗೂ ಸಂಬಂಧವಿಲ್ಲ, ಹಸಿವಾಗಿತ್ತು.

ಈ ವಿದ್ಯೆಯಲ್ಲಿ ಒಂದೇ ಒಂದು ಧರ್ಮಸೂತ್ರವಿದೆ: ಯಾರ ಥಪ್ಪಿ ಎತ್ತರವೋ ಅದೇ ಸತ್ಯ. ಕೆಳಗಿನ ಚೀಲಗಳನ್ನು ಎಳೆಯಲು ಬ್ರಹ್ಮನಿಗೂ ಸಾಧ್ಯವಿಲ್ಲ, ಮೇಲೆ ಅಷ್ಟು ಭಾರ. ಆದರೆ ಎಲ್ಲಕ್ಕಿಂತ ಮೇಲಿನ ಚೀಲದ ಕಥೆ ಬೇರೆ. ಅದು ಇಲ್ಲವೆಂದೇ ಭಾವಿಸಿ, ಅದೇ ಜಾಗಕ್ಕೆ ತನ್ನದೊಂದನ್ನು ಹೊಲಿದು, ಎದುರಾಳಿ ಮುಂದಿನದನ್ನು ಏರಿಸುವುದರೊಳಗೆ ತನ್ನದರ ಮೇಲೆ ಮತ್ತೊಂದನ್ನು ಏರಿಸಿದರೆ, ಮೊದಲಿನವನ ಚೀಲ ಹುಟ್ಟಿರಲೇ ಇಲ್ಲವೆಂದಾಗುತ್ತದೆ. ಅದರೊಳಗಿದ್ದ ಹಣದ ನಕಲು ಬಿಚ್ಚಿದವನ ಬುಟ್ಟಿಯಲ್ಲೂ ಇರುತ್ತದೆ, ಅದೇ ಅವನ ಚೀಲಕ್ಕೆ ಬೀಳುತ್ತದೆ. ಮಾಮೂಲಿ ದಿನಗಳಲ್ಲಿ ಯಾರೂ ಈ ಉಸಾಬರಿಗೆ ಹೋಗುವುದಿಲ್ಲ. ಬಿಚ್ಚಿ ಹೊಲಿಯುವ ಕರೆಂಟಿನ ಬಿಲ್ಲಿಗೂ ಹಮಾಲಿ ಸಾಲದು. ಆದರೆ ಚೀಲದ ಬಾಯಿಂದ ಹಮಾಲಿ ಉಕ್ಕುತ್ತಿರುವಾಗ, ಮುಂದೆ ಹೊಸ ಚೀಲ ಹೊಲಿಯುವುದಕ್ಕಿಂತ ಹಿಂದಿನದನ್ನು ಬಿಚ್ಚುವುದೇ ಲಾಭ. ದುಡಿದು ತಿನ್ನುವವನಿಗಿಂತ ತಿದ್ದಿ ತಿನ್ನುವವನು ಜಾಣನಾಗುವ ಆ ಒಂದು ಘಳಿಗೆ ಬಂದಿತ್ತು.

ಮೈಲಾರಿ ತನ್ನ ಶೆಡ್ಡಿನೊಳಗೆ ಕಾಲಿಟ್ಟ. ಪಂಖಗಳು ಭೋರ್ಗರೆದವು, ತಗಡು ರಣಭೇರಿಯಂತೆ ಗಡಗಡಿಸಿತು, ಗೋಡೆಯ ಸಂದಿನಿಂದ ಮೆಣಸಿನ ದೂಳು ಎದ್ದು ವೀರನ ಮೂಗನ್ನು ಹೊಕ್ಕಿತು. ಅವನು ಸೀನಿದ ರಭಸಕ್ಕೆ ಶೆಡ್ಡಿನ ಮೇಲಿದ್ದ ಕಾಗೆಗಳು ಹಾರಿಹೋದವು, ಶಂಖನಾದವೆಂದು ಬರೆದುಕೊಳ್ಳಬಹುದು. ಬೆವರು ಕಣ್ಣಿಗೆ ಇಳಿಯುತ್ತಿರಲು, ಅವನು ಶಿವಯೋಗಿಯ ಚೀಲವನ್ನು ಕಡೆಗಣಿಸುವ ಆಜ್ಞೆಯನ್ನು ಬೆರಳಿನಿಂದ ಟೈಪಿಸಿ, ಯಂತ್ರಗಳನ್ನು ಅಟ್ಟಿದ. ಒಂದು ಸೂಜಿ ಸಿಕ್ಕಿತು. ಮತ್ತೊಂದು ಸಿಕ್ಕಿತು. ಥಪ್ಪಿ ಎತ್ತರವಾಯಿತು. ಅವನು ಫೋನು ಎತ್ತಿಕೊಂಡ.

"ಶಿವ್ಯಾ, ನಿನ್ನ ಚೀಲ ಎಲ್ಲೈತಲೇ?"

"ಮ್ಯಾಲ ಐತಿ."

"ಮ್ಯಾಲ ನಂದೈತಿ. ಒಮ್ಮೆ ನೋಡ್ಕೋ."

ಆ ಕಡೆ ಕೀಬೋರ್ಡು ಟಪಟಪ ಬಡಿದ ಸದ್ದು ಕೇಳಿಸಿತು. "ಹಲ್ಕಟ್ ಕೆಲಸ ಇದು," ಎಂದ ಶಿವಯೋಗಿ ಕಡೆಗೆ. "ಹಿಂಗ ಯಾರೂ ಮಾಡೂದಿಲ್ಲ."

"ಎತ್ತರದ ಥಪ್ಪೀನ ಖರೆ ಅಂತ ನೀನ ಕಲಿಸಿದ್ದಲ್ಲ?"

"ಕಲಿಸಿದ್ದು ನಾನು, ಹೌದು. ಪೂರಾ ಕಲಿಸಿಲ್ಲ ನಿನಗ, ತಡಿ."

ಮತ್ತು ಅವನೂ ಬಿಚ್ಚಿದ. ಮೈಲಾರಿ ಹೊಲಿದದ್ದನ್ನು ಶಿವಯೋಗಿ ಬಿಚ್ಚಿ ಹೊಲಿದರೆ, ಶಿವಯೋಗಿ ಹೊಲಿದದ್ದನ್ನು ಮೈಲಾರಿ ಬಿಚ್ಚಿ ಹೊಲಿದ. ಇಬ್ಬರೂ ಒಂದೇ ಬೆಳಗನ್ನು ಮತ್ತೆ ಮತ್ತೆ ಬರೆಯುತ್ತಿದ್ದರೇ ಹೊರತು ಮಧ್ಯಾಹ್ನದ ಚೀಲಕ್ಕೆ ಯಾರೂ ಕೈ ಹಾಕಲಿಲ್ಲ. ಹಾಲವ್ವನ ಅಂಗಡಿಯಲ್ಲಿ ಪ್ರಳಯವಾಯಿತು. ಭಜಿ ತಿಂದ ಹಮಾಲನೊಬ್ಬ ಕಳಿಸಿದ ಹಣ ಬಂತೆಂದು ಫೋನು ಹೇಳಿತು. ಅವನು ಬೀಡಿ ಹಚ್ಚುವಷ್ಟರಲ್ಲಿ ಬಂದಿಲ್ಲವೆಂದಿತು. ಅವನು ಎದ್ದು ಹೊರಟಾಗ ಮತ್ತೆ ಬಂತೆಂದಿತು.

"ಏ ತಮ್ಮಾ, ಕುಂದರು," ಎಂದಳು ಹಾಲವ್ವ. "ನೀ ಹೊಂಟ್ರ ಬರ್ತಾವ, ಕುಂತ್ರ ಹೋಗ್ತಾವ. ಒಂದ ಕಡೆ ನಿಲ್ಲು, ಗೊತ್ತಾಗ್ಲಿ."

"ನಿಲ್ತೀನಿ ಬೇ. ಇನ್ನೆರಡು ಕರದು ಕೊಡು, ನಿಂತ್ಕೊಂಡ ತಿಂತೀನಿ."

ಇತ್ತ ಶೆಡ್ಡಿನಲ್ಲಿ ಮೈಲಾರಿಯ ಸೈನ್ಯ ಬಿಸಿಗೆ ಕುಸಿಯುತ್ತಿತ್ತು. ಗೊಬ್ಬರದಂಗಡಿಯ ಅಟ್ಟಕ್ಕೆ ಏಸಿ ಇತ್ತು, ತಗಡಿಗೆ ಇರಲಿಲ್ಲ. ಇನ್ನೊಂದು ಯಂತ್ರ ಸುಟ್ಟ ವಾಸನೆ ಬಿಟ್ಟು ವೀರಸ್ವರ್ಗ ಸೇರಿತು. ಮೈಲಾರಿಯ ಕಣ್ಣ ಮುಂದೆ ಏಳನೇ ಚೇಂಬರಿನ ಬಾಗಿಲು ಮುಚ್ಚುವುದು ಕಾಣಿಸಿತು; ಅದರ ಹಿಂದೆಯೇ ತನ್ನ ಬೆನ್ನ ಮೇಲಿನ ಗೋಣಿತಾಟು. ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವನಿಗೆ ಒಂದು ಉಪಾಯವೂ ಬರುತ್ತಿತ್ತು, ಮತ್ತು ಅವನ ಬದುಕಿನ ಸಮಸ್ತ ತೊಂದರೆಗಳೂ ಆ ಉಪಾಯಗಳಿಂದಲೇ ಬಂದಿದ್ದವು.

ಶೆಡ್ಡಿನ ಅಟ್ಟಣಿಗೆಯ ಮೇಲೆ ಹಿಂದಿನ ವರ್ಷ ನಿವೃತ್ತಿ ಹೊಂದಿದ್ದ ಯಂತ್ರಗಳಿದ್ದವು: ಪಂಖ ಮುರಿದವು, ಇಲಿ ಕಡಿದವು. ಆ ವೃದ್ಧ ಯೋಧರನ್ನೆಲ್ಲ ಕೆಳಗಿಳಿಸಿದ. ಅವುಗಳಿಗೆ ಕೊಡಲು ಶೆಡ್ಡಿನಲ್ಲಿ ಕರೆಂಟಿರಲಿಲ್ಲ. ಆದರೆ ಗೋಡೆಯ ಆಚೆ ಇತ್ತು. ಮೂರನೇ ಚೇಂಬರಿನ ಕಂಪ್ರೆಸರಿಗೆ ಹೋಗುವ ಮಹಾತಂತಿ ಗೋಡೆಯ ತೂತಿನಲ್ಲಿ, ಸಮುದ್ರಕ್ಕೆ ಸಾಗುವ ನದಿಯಂತೆ, ಯಾರಿಗೂ ಸೇರದಂತೆ ಸಾಗುತ್ತಿತ್ತು. ಅವನು ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡ, ಕುಲದೇವರನ್ನು ನೆನೆದ, ಹಲ್ಲಿನಿಂದ ವೈರು ಸುಲಿದ.

ಮತ್ತು ಜೋಡಿಸಿದ.

ಕಥೆಯೊಳಗೆ ಒಮ್ಮೆ ಕೈಕೊಡೆಂದು ಬೇಡಿದ್ದೆವಲ್ಲ, ದೇವಿ ಮಾತಿಗೆ ತಪ್ಪುವವಳಲ್ಲ. ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರಿನ ಮೇಲೆ ನೀಲಿ ಬೆಳಕಿನ ಕಮಲವೊಂದು ಅರಳಿ ಬಾಡಿತು. ದಿಗ್ಗಜಗಳು ಘೀಳಿಟ್ಟಂಥ ಸದ್ದಾಯಿತು. ಮೈಲಾರಿಯ ಶೆಡ್ಡು, ಶಿವಯೋಗಿಯ ಅಟ್ಟ, ಮುರಿಗೆಪ್ಪನ ಕಂಪ್ರೆಸರುಗಳು, ಬೀದಿಯ ಸಮಸ್ತ ಮಿಕ್ಸಿಗಳು ಏಕಕಾಲಕ್ಕೆ ಮೌನ ವಹಿಸಿದವು. ಆ ಮೌನದಲ್ಲಿ ಮೊದಲು ಕೇಳಿಸಿದ್ದು ಒಂದು ಸೀನು.

ಲೈನ್‌ಮನ್ ಬಂದು, ಕಂಬ ನೋಡಿ, ಕಂಬವನ್ನೂ ಊರನ್ನೂ ಬೈದು, ಚಹ ಕುಡಿದು, ಮೇಲೆ ಹತ್ತಿ ಸರಿಮಾಡುವ ಹೊತ್ತಿಗೆ ಬಿಸಿಲು ವಾಲಿತ್ತು. ಅಷ್ಟರಲ್ಲಿ ಮೈಲಾರಿ ಕಳ್ಳತಂತಿಯನ್ನು ಕಿತ್ತು ಅಂಗಿಯೊಳಗೆ ಸುತ್ತಿಟ್ಟುಕೊಂಡಿದ್ದ. ಕರೆಂಟು ಬಂದೊಡನೆ ಶಿವಯೋಗಿ ಶಾಸ್ತ್ರೋಕ್ತವಾಗಿ ಒಂದೊಂದೇ ಯಂತ್ರವನ್ನು ಪರೀಕ್ಷಿಸಿ ಚಾಲೂ ಮಾಡತೊಡಗಿದ. ಮೈಲಾರಿಯ ಯಂತ್ರಗಳಿಗೆ ಶಾಸ್ತ್ರವಿರಲಿಲ್ಲ, ಒಂದು ಗುದ್ದು ಸಾಕಾಗಿತ್ತು. ಮೇಲಿದ್ದದ್ದು ಶಿವಯೋಗಿಯ ಚೀಲ, ಅದನ್ನು ಬಿಚ್ಚಿದ. ಕರೆಂಟು ಹೋಗಿದ್ದರಿಂದ ಇಬ್ಬರ ಬುಟ್ಟಿಯೂ ಬರಿದಾಗಿತ್ತು, ಕಾಯುತ್ತಿದ್ದದ್ದೆಲ್ಲ ಅಳಿಸಿಹೋಗಿತ್ತು. ಅದನ್ನು ಅವನು ನೋಡಲಿಲ್ಲ. ಯುದ್ಧಕಾಲದಲ್ಲಿ ಬುಟ್ಟಿ ನೋಡುವವನು ವೀರನಲ್ಲ, ಸಂತೆಗೆ ಬಂದವನು. ಮೊದಲ ಚೀಲವನ್ನು ಖಾಲಿಯೇ ಹೊಲಿದ. ಎರಡನೆಯದಕ್ಕೆ ಏನೋ ಒಂದು ಬಂದು ಬಿತ್ತು, ಹೊಲಿದ. ಶಿವಯೋಗಿಯ ಕೊನೆಯ ಯಂತ್ರ ಕಣ್ಣು ಬಿಡುವ ಹೊತ್ತಿಗೆ ಮೈಲಾರಿಯ ಥಪ್ಪಿ ಮುಗಿಲು ಮುಟ್ಟಿತ್ತು.

ದೇವತೆಗಳು ಪುಷ್ಪವೃಷ್ಟಿ ಕರೆದರು; ತೊಲೆಯಿಂದ ಒಂದು ಹಿಡಿ ಮೆಣಸಿನ ಬೀಜ ತಲೆಯ ಮೇಲೆ ಉದುರಿತು. ಅವುಗಳನ್ನು ಕೊಡವಿಕೊಳ್ಳದೆಯೇ, ಕೂದಲಲ್ಲಿ ಕಿರೀಟದಂತೆ ಧರಿಸಿ, ಅವಮಾನವಾದ ಅದೇ ಸಭೆಗೆ ಅವನು ನಡೆದ.

ಸಭೆ ತುಂಬಿತ್ತು. ಶಿವಯೋಗಿ ಬಂದು ಮೂಲೆಯಲ್ಲಿ ಕುಳಿತಿದ್ದ, ಮುಖ ಬಾಡಿತ್ತು. ಮುರಿಗೆಪ್ಪ ಅದೇ ಬೆಂಚಿನಲ್ಲಿದ್ದ. ಪಕ್ಕದಲ್ಲಿ ಅವನ ಸೊಸೆ, ಕೋಲ್ಡ್ ಸ್ಟೋರೇಜಿನ ಆಫೀಸು ನಡೆಸುವ ವಿಶಾಲಾ, ಫೋನು ಹಿಡಿದು ನಿಂತಿದ್ದಳು.

"ಸಾವಕಾರ್ರ, ಚೀಲ ನನ್ನ ಹೆಸರಿನ್ಯಾಗ ಐತಿ," ಎಂದ ಮೈಲಾರಿ. "ನೋಡ್ಕೋರಿ."

"ನೋಡೀವಿ ಬಾರಪ್ಪಾ," ಎಂದಳು ವಿಶಾಲಾ. "ನಿನಗ ಕೈ ಮುಗೀಬೇಕು. ದೊಡ್ಡ ಉಪಕಾರ ಮಾಡಿದಿ."

ಮೈಲಾರಿ ಉಪಕಾರಕ್ಕೆ ಬಂದಿರಲಿಲ್ಲ. "ಏನ್ ಉಪಕಾರರೀ ಅಕ್ಕಾರ?"

"ನಮ್ಮ ಮಾವಾರು ಮುಂಜಾನಿ ಬೀಗರಿಗೆ ಕಳಸೂ ಮುಂದ, ಪೇಟ್ಯಾಗ ಪಟ್ಟಿ ಬರದಂಗ, ಮ್ಯಾಲ ಮಾಲಿನ ರೊಕ್ಕ, ಕೆಳಗ ಹಮಾಲಿ ಅಂತ ತುಂಬ್ಯಾರ. ಫೋನಿನ್ಯಾಗ ಮ್ಯಾಲಿನ ಖಾನೆ ಹಮಾಲೀದು. ಬೀಗರಿಗೆ ಹೋಗೂದು ಹಮಾಲಿಗೆ ಹೋತು, ಹಮಾಲಿ ಬೀಗರಿಗೆ ಹೋತು."

"ಹುಟ್ಟಿದಾಗಿಂದ ಹಂಗ ಬರದೀನಿ," ಎಂದ ಮುರಿಗೆಪ್ಪ ಚಹದ ಬಸಿಯನ್ನೇ ನೋಡುತ್ತ. "ಕೈ ಹಂಗ ಹೋತು."

"ಶಿವಯೋಗಿ ಚೀಲ ಹೊಲದ ಮ್ಯಾಲ ಎಲ್ಲಾ ಮುಗದಿತ್ತು," ಎಂದು ವಿಶಾಲಾ ಮುಂದುವರಿಸಿದಳು. "ಅದರ ಮ್ಯಾಲ ಇನ್ನೆರಡು ಚೀಲ ಬಿದ್ದಿದ್ರ ಅಳಕೋತ ಕುಂದರಬೇಕಿತ್ತು. ನೀ ಬಿಚ್ಚಿದಿ. ಕರೆಂಟ್ ಬಂದ ಮ್ಯಾಲ ನೋಡ್ತೀನಿ, ಕಳಿಸಿದ್ದು ವಾಪಸ್ ಬಂದು ಕುಂತೈತಿ. ಖಾನೆ ತಿದ್ದಿ ಮತ್ತ ಕಳಿಸಿದೆ. ನೀನ ಹೊಲದಿ. ನೋಡು, ಬೀಗರಿಗೆ ಮುಟ್ಟೇತಿ."

ಮೈಲಾರಿ ಆಗ, ಯುದ್ಧ ಮುಗಿದ ಮೇಲೆ, ಮೊಟ್ಟಮೊದಲ ಬಾರಿಗೆ ತನ್ನ ಚೀಲದೊಳಗೆ ಇಣುಕಿದ. ಬ್ರಹ್ಮಾಂಡವನ್ನು ನಡುಗಿಸಿದ, ಬೆಳಗನ್ನು ಹತ್ತಾರು ಸಲ ಅಳಿಸಿ ಬರೆದ, ಟ್ರಾನ್ಸ್‌ಫಾರ್ಮರನ್ನೇ ಆಹುತಿ ಪಡೆದ ಆ ಹಮಾಲಿ, ಸರಿಯಾದ ಖಾನೆಯಲ್ಲಿ ಕೂತು, ಎರಡು ಮಿರ್ಚಿ ಭಜಿಯ ಬೆಲೆಯಷ್ಟಿತ್ತು.

ಯಾರೋ ಕೆಮ್ಮಿದರು. ಅದು ಮೆಣಸಿನ ಘಾಟಿಗೆ ಬಂದ ಕೆಮ್ಮಲ್ಲ.

"ಇರ್ಲಿ," ಎಂದ ಮೈಲಾರಿ. "ಏಳನೇ ಚೇಂಬರ್?"

"ಮಾತಂದ್ರ ಮಾತಪಾ. ಕೊಡೋನ," ಎಂದ ಮುರಿಗೆಪ್ಪ. "ಆದ್ರ ಕರೆಂಟ್ ಹೋಗಿ ಮೂರನೇದರ ಕಂಪ್ರೆಸರ್ ಸುಟ್ಟೈತಿ. ಕಾಯಿ ಬಿಸಿ ಆಗತಾವ ಅಂತ ಅಷ್ಟೂ ಮಾಲು ಏಳಕ್ಕ ಸರಸೀವಿ. ಈಗ ಅದರಾಗ ಇಲಿ ಹೋಗಾಕ ಜಾಗಿಲ್ಲ. ಮುಂದಿನ ಸುಗ್ಗಿಗೆ ನೋಡೂಣು." ಅವನು ಮುಂದಕ್ಕೆ ಬಾಗಿದ. "ಲೈನ್‌ಮನ್ ಹೇಳ್ತಾನ, ಯಾರೋ ನನ್ನ ಲೈನಿಗೆ ವೈರ್ ಹಚ್ಚಿದ್ರಂತ. ನಿನ್ನ ಶೆಡ್ಡು ಅಲ್ಲೇ ಐತಲ್ಲ, ಯಾರರ ಬಂದಿದ್ದು ಕಂಡೇನು?"

ಅಂಗಿಯೊಳಗಿನ ವೈರು ವೀರನ ಹೊಟ್ಟೆಯನ್ನು ಚುಚ್ಚಿತು. ಅವನು ಇಲ್ಲವೆಂದು ತಲೆಯಾಡಿಸಿದ. ಕಿರೀಟದ ಬೀಜಗಳು ಉದುರಿದವು.

"ಹೋಗ್ಲಿ ಬಿಡು. ಇನ್ನಾ ಒಂದಿಷ್ಟು ಚೀಲ ಹೊರಗ ಬಿದ್ದಾವ, ಹಮಾಲರು ಸಾಲವಲ್ರು. ನಿನಗ ರೂಢಿ ಐತಿ. ನಾಳಿಂದ ಬರಬೇಕಂದ್ರ ಬಾ."

ಇದಕ್ಕಿಂತ ಕೆಳಗಿಳಿಯಲು ವೀರಗಾಥೆಗೆ ಮೆಟ್ಟಿಲಿಲ್ಲವೆಂದು ಈ ನಾಲಗೆ ಭಾವಿಸಿತ್ತು. ಇತ್ತು. ಮೈಲಾರಿ ಏನಾದರೂ ಮಾಡಬೇಕೆಂದು, ಏನೂ ಆಗಿಲ್ಲವೆಂಬಂತೆ, ಹಾಲವ್ವನತ್ತ ತಿರುಗಿ, "ಎರಡು ಭಜಿ ಕೊಡು ಬೇ," ಎಂದು ಫೋನನ್ನು ಸ್ಕ್ಯಾನರ್ ಬೋರ್ಡಿನ ಕಡೆ ಚಾಚಿದ. ಬೋರ್ಡು ಹಿಂದುಮುಂದಾಗಿ ನಿಂತಿತ್ತು.

"ಅದನ್ನ ತಗೊಳ್ಳೂದಿಲ್ಲಪಾ ನಾ," ಎಂದಳು ಹಾಲವ್ವ, ಬೇಸರವಿಲ್ಲದೆ, ಭಜಿಯನ್ನು ಎಣ್ಣೆಯಲ್ಲಿ ತಿರುವುತ್ತ. "ನೀವು ಬಿಚ್ಚೂ ಮಂದಿ. ಭಜಿ ಹೊಟ್ಟ್ಯಾಗ ಹೋದ ಮ್ಯಾಲ ನಾ ಹೆಂಗ ಬಿಚ್ಚಲಿ? ಚಿಲ್ಲರ ಇದ್ರ ಕೊಡು. ಮುಂಜಾನೀದೂ ಒಂದೈತಿ."

ಸಭೆಗೆ ಸಭೆಯೇ ನಕ್ಕಿತು. ಮುರಿಗೆಪ್ಪ ನಕ್ಕ, ವಿಶಾಲಾ ಸೆರಗು ಅಡ್ಡ ಹಿಡಿದು ನಕ್ಕಳು, ಹಮಾಲರು ಬೆಂಚು ಬಡಿದು ನಕ್ಕರು. ಬೆಳಗಿನಿಂದ ಅಷ್ಟೇ ಯಂತ್ರಗಳನ್ನು ಅಷ್ಟೇ ಬಿಸಿ ಮಾಡಿ ಅಷ್ಟೇ ಸೋತಿದ್ದ ಶಿವಯೋಗಿಯೂ ಮೂಲೆಯಿಂದ ಎದ್ದು ಕುಳಿತ. ಅವನ ಮುಖದ ಬಣ್ಣ ಮರಳಿತ್ತು.

"ಲೇ ಮೈಲಾರಿ," ಎಂದ ಎಲ್ಲರಿಗೂ ಕೇಳುವಂತೆ. "ಪಾಟಿ ಐತೇನೋ ಇನ್ನಾ? ಮತ್ತೊಮ್ಮೆ ಅಳಿಸಿ ಬರೀತೀಯೇನು?"

ಸಭೆ ಕಿವಿ ನಿಮಿರಿಸಿತು. ಹಾಲವ್ವ ಸೌಟು ಎತ್ತಿ ಹಿಡಿದಳು. ಪ್ರಳಯಕಾಲಮೇಘಗರ್ಜನೋಪಮವಾದ, ಶತ್ರುಹೃದಯವಿದಾರಕವಾದ, ತಲೆಮಾರುಗಳ ತನಕ ಬ್ಯಾಡಗಿಯ ಪೇಟೆಯಲ್ಲಿ ಉಳಿಯಬಲ್ಲ ಒಂದು ಉತ್ತರ ಮೈಲಾರಿಯ ಎದೆಯಿಂದ ಹೊರಟು, ಗಂಟಲನ್ನು ದಾಟಿ, ತುಟಿಯವರೆಗೆ ಬಂತು.

ಅದು ಸೀನು. ಸೀನಿದ. ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ವೈರಿನ ತುದಿ ಹೊರಗೆ ಕಾಣದಂತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಸೀನಿನ ರಭಸಕ್ಕೆ ಬೆಂಚಿನ ಕೆಳಗೆ ಸರಿದಿದ್ದ ಒಂದು ಕಾಲಿನ ರಬ್ಬರ್ ಚಪ್ಪಲಿಯನ್ನು ಹೆಬ್ಬೆರಳಿನಿಂದ ಎಳೆದು ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ನಡೆದುಹೋದ.